ಹಸುವಿಲ್ಲದ ಮನೆಯ ಗೋಗ್ರಾಸ

ಪುಕ್ಕಟೆ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಜೊತೆಗೆ ಬರುವ ಪ್ಲಾಸ್ಟಿಕ್ ಡಬ್ಬಿಯ ಆಸೆಗೆ ಒಗ್ಗದ ಸೋಪು ತಂದು ಮನೆಮಂದಿಯೆಲ್ಲ ಮೈ ಕೆರೆದುಕೊಳ್ಳುವಂತೆ ಮಾಡಿದ ಚರಿತ್ರೆ ನನ್ನದು. ಒಂದು ದಿನ ಮಗಳು ಶಾಲೆಯಿಂದ ಬಂದವಳೇ, ಗೆಳತಿಯ ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿದೆ, ಅವರ ಮನೆಯ ಎರಡು ಗಿನಿಪಿಗ್‌ಗಳನ್ನು ಗೂಡಿನ ಸಮೇತ ಸುಮ್ಮನೆ ಕೊಡುತ್ತಾರಂತೆ ಎಂದಳು. ಗಿನಿಪಿಗ್ ಅಂದರೆ ಏನು ಎಂದು ಕೇಳುವ ಮೊದಲೇ ನಾನು ಕೇಳಿದ್ದು, ಗೂಡು ಎಷ್ಟು ದೊಡ್ಡದಿದೆ ಎಂದು. ಪ್ರಾಣಿ ಉಳಿಯಲಿ ಬಿಡಲಿ, ಗೂಡು ಈರುಳ್ಳಿ ಹಾಕಿಡಲಿಕ್ಕಾದರೂ ಆಗುತ್ತದೆ ಎಂಬ ಲೆಕ್ಕಾಚಾರ.

ಬಂದವು. ಮೊಲದ ಮರಿಯಷ್ಟು ದಪ್ಪ, ಇಲಿಯ ಮೂತಿ, ಒಂದು ಕಂದು, ಇನ್ನೊಂದು ಬಿಳಿ. ಎರಡೂ ಹೆಣ್ಣು. ಮಗಳು ಅವಕ್ಕೆ ಯಾವುದೋ ಕೊರಿಯಾದ ಹೆಸರುಗಳನ್ನಿಟ್ಟಳು. ಮನೆಯಲ್ಲಿ ಉಳಿದ ಯಾರ ನಾಲಿಗೆಯೂ ಅವಕ್ಕೆ ಹೊರಳದ್ದರಿಂದ ಕಂದು, ಬಿಳಿ ಎಂದೇ ಉಳಿದವು.

ನಮ್ಮ ಅತ್ತೆ ಬಾಲ್ಕನಿಯ ಬಾಗಿಲಲ್ಲಿ ನಿಂತು ಸೆರಗನ್ನು ಮೂಗಿಗೆ ಹಿಡಿದರು. "ಊರಲ್ಲಿ ಎಲ್ಲಾರೂ ದುಡ್ ಕೊಟ್ಟು ಇಲಿ ಓಡಿಸ್ತಾರೆ. ನೀನು ಆಟೋ ಮಾಡ್ಕೊಂಡು ಹೋಗಿ ತಂದ್ಯಾಮ್ಮಾ?"

"ಎಲಿ ಇಲ್ಲೆ ಪಾಟಿ!" ಇಲಿಯಲ್ಲ ಅಜ್ಜಿ ಎಂದು ಮಗಳು ತಮಿಳಿನಲ್ಲಿ ಕೂಗಿದಳು. ಅವಳು ಅಜ್ಜಿಯ ಕನ್ನಡವನ್ನು ಒಂದಕ್ಷರ ಬಿಡದೆ ಅರ್ಥಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ತಮಿಳಿನಲ್ಲೇ. ನಮ್ಮವರ ತಾತನ ಕಾಲದಲ್ಲೇ ಮದರಾಸಿಗೆ ಬಂದ ಮನೆತನ. ಅತ್ತೆಯ ಕನ್ನಡದಲ್ಲೂ ಅರ್ಧ ತಮಿಳೇ. ಆದರೆ ಮಡಿ, ಏಕಾದಶಿ, ದ್ವಾದಶಿ ಇವುಗಳಲ್ಲಿ ಮಾತ್ರ ಅವರು ಕೂದಲೆಳೆಯಷ್ಟೂ ಬಿಟ್ಟುಕೊಟ್ಟವರಲ್ಲ. ಇಲಿಯಲ್ಲದ ಈ ಇಲಿಗಳು ದೇವರ ಮೂಲೆಯ ಕಡೆಗಾಗಲಿ ಅಡುಗೆಮನೆಯ ಕಡೆಗಾಗಲಿ ಸುಳಿಯಬಾರದು ಎಂಬ ಷರತ್ತಿನ ಮೇಲೆ ಬಾಲ್ಕನಿ ಮಂಜೂರಾಯಿತು.

ಪುಕ್ಕಟೆ ಬಂದ ಪ್ರಾಣಿಗೆ ಪುಕ್ಕಟೆಯಲ್ಲದ ಹೊಟ್ಟೆಯೂ ಇರುತ್ತದೆ ಎಂಬುದು ನನಗೆ ಹೊಳೆದದ್ದು ಶಾಪಿಂಗ್ ಮಾಲಿನ ಸಾಕುಪ್ರಾಣಿಗಳ ಅಂಗಡಿಯಲ್ಲಿ. ಇವುಗಳ ಮುಖ್ಯ ಆಹಾರ ಒಣಹುಲ್ಲು. ಅಂಗಡಿಯ ಹುಡುಗಿ ಚಂದದ ಪ್ಯಾಕೆಟ್ ಒಂದನ್ನು ತಂದು ಮುಂದಿಟ್ಟಳು. ಹುಲ್ಲು ಹಡಗಿನಲ್ಲಿ ಬಂದದ್ದಂತೆ. ಬೆಲೆ ನೋಡಿ ನನಗೆ ಸಮುದ್ರ ದಾಟದೆಯೇ ತಲೆ ಸುತ್ತಿತು. ನಾವು ತಿನ್ನುವ ಪೊನ್ನಿ ಅಕ್ಕಿಗಿಂತ ಆ ಹುಲ್ಲು ದುಬಾರಿ. "ಇದನ್ನು ನಾನೇ ತಿನ್ನಬಹುದಾ?" ಎಂದು ಕೇಳಿದೆ. ಆ ಹುಡುಗಿ ನಗಲಿಲ್ಲ. ನಾನು ನಿಜವಾಗಿಯೂ ಕೇಳುತ್ತಿದ್ದೇನೆ ಅಂದುಕೊಂಡಳೋ ಏನೋ.

ಅಂದಿನಿಂದ ನನ್ನ ಉಳಿತಾಯದ ಅವತಾರ ಶುರುವಾಯಿತು. ನಾವಿರುವ ವೇಲಚೇರಿಯ ರೈಲು ಸ್ಟೇಷನ್ನಿನ ಹತ್ತಿರ ಖಾಲಿ ಸೈಟೊಂದಿದೆ. ಮಳೆ ಬಂದರೆ ಕೆರೆ, ನಿಂತರೆ ಹುಲ್ಲುಗಾವಲು. ಬೆಳಗಿನ ವಾಕಿಂಗ್ ನೆಪದಲ್ಲಿ ಬಟ್ಟೆಯ ಚೀಲ, ಅಡುಗೆಮನೆಯ ಕತ್ತರಿ ಹಿಡಿದು ಅಲ್ಲಿಗೆ ಹೋಗತೊಡಗಿದೆ. ಕಾಲಲ್ಲಿ ವಾಕಿಂಗ್ ಶೂ, ಕಿವಿಯಲ್ಲಿ ಇಯರ್‌ಫೋನು, ಕುಕ್ಕರಗಾಲಲ್ಲಿ ಕೂತು ಹುಲ್ಲು ಕೊಯ್ಯುವ ಆಫೀಸು ಹೆಂಗಸು. ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್ ಮೊದಮೊದಲು ದುರುಗುಟ್ಟಿ ನೋಡಿದ. ಆಮೇಲೆ ಎಲ್ಲಿ ಒಳ್ಳೆಯ ಹುಲ್ಲಿದೆ ಎಂದು ಕೈತೋರಿಸತೊಡಗಿದ. ಗೂಡಿನ ಹಾಸಿಗೆಗೆ ಹಳೆಯ ಪೇಪರು ಮತ್ತು ನಮ್ಮವರ ಹಳೆಯ ಪಂಚೆ. ಪಂಚೆ ಅಷ್ಟೇನೂ ಹಳೆಯದಲ್ಲ ಎಂದು ಅವರು ಗೊಣಗಿದರು. ನಾನು ಕೇಳಿಸಿಕೊಳ್ಳಲಿಲ್ಲ. ಸೊಪ್ಪಿನ ಅಂಗಡಿಯ ಅಮ್ಮ ಬಿಸಾಡುತ್ತಿದ್ದ ಹೂಕೋಸಿನ ಎಲೆಗಳನ್ನು ಕೇಳಿ ಕೇಳಿ ತಂದೆ. ಆಕೆ ನನ್ನನ್ನು ಕಂಡರೆ ಉಳಿದ ಗಿರಾಕಿಗಳಿಗೆ ಕಣ್ಣಲ್ಲೇ ಏನೋ ಹೇಳುತ್ತಿದ್ದಳು.

ಕೊಯ್ದ ಹುಲ್ಲನ್ನು ಒಣಗಿಸಬೇಕಲ್ಲ. ಟೆರೇಸಿನಲ್ಲಿ ಯಾರದೋ ವಡಾಂ ಸಂಡಿಗೆಯ ಪಕ್ಕ ಹರವಿದೆ. ಸಂಜೆಯೊಳಗೆ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಹುಲ್ಲಿನ ಫೋಟೋ ಬಂತು. ಕೆಳಗೆ ಒಂದು ಪ್ರಶ್ನೆ: ಈ ಬಿಲ್ಡಿಂಗಿನಲ್ಲಿ ಯಾರಾದರೂ ಹಸು ಕಟ್ಟಿದ್ದೀರಾ?

ನಾನು ನಗುತ್ತಾ ಅದನ್ನು ಗಟ್ಟಿಯಾಗಿ ಓದಿದೆ. ಜಪದಲ್ಲಿದ್ದ ಅತ್ತೆ ಚಟ್ಟನೆ ಕಣ್ಣು ಬಿಟ್ಟರು. "ಹಸು ಇದೆಯಾ? ಯಾವ ಫ್ಲೋರಲ್ಲಿ?"

ಅವರ ದನಿಯಲ್ಲಿದ್ದ ಆಸೆಗೆ ಕಾರಣವಿತ್ತು. ಮನೆಯವರು ಊಟಕ್ಕೆ ಕೂರುವ ಮೊದಲು ಹಸುವಿಗೆ ಒಂದು ತುತ್ತು, ಗೋಗ್ರಾಸ, ಕೊಡುವುದು ಅತ್ತೆ ಮದುವೆಯಾಗಿ ಬಂದಾಗಿನಿಂದ ನಡೆಸಿಕೊಂಡು ಬಂದ ಪದ್ಧತಿ. ಹಳೆಯ ಬೀದಿಯಲ್ಲಿ ಹಾಲಿನವನ ಹಸುವೇ ಬಾಗಿಲಿಗೆ ಬಂದು ನಿಲ್ಲುತ್ತಿತ್ತಂತೆ. ವೇಲಚೇರಿಯ ಮೂರನೇ ಮಹಡಿಗೆ ಯಾವ ಹಸು ಬರುತ್ತದೆ? ಹಾಗಾಗಿ ಆಫೀಸಿಗೆ ಹೊರಡುವಾಗ ಬಾಳೆಲೆಯ ಪೊಟ್ಟಣ ನನ್ನ ಕೈಗೆ. ನಾನು ಹಸು ಹುಡುಕಿಕೊಂಡು ಬೀದಿ ಬೀದಿ ಅಲೆದು ರೈಲು ತಪ್ಪಿಸಿಕೊಂಡಿದ್ದೇನೆ. ಸ್ಟೇಷನ್ನಿನ ಕೆಳಗೆ ಒಂದು ಹಸು ಇತ್ತು. ಸಿನಿಮಾ ಪೋಸ್ಟರನ್ನು ಅಂಟಿನ ಸಮೇತ ಚಪ್ಪರಿಸುವ ಆ ಮಹಾತಾಯಿ ನಮ್ಮತ್ತೆಯ ಅನ್ನ ತೊವ್ವೆಯನ್ನು ಮೂಸಿ ಮುಖ ತಿರುಗಿಸಿತು. ಆಮೇಲೆ ನನ್ನ ದುಪಟ್ಟಾದ ತುದಿಯನ್ನು ಸಾವಕಾಶವಾಗಿ ಬಾಯಿಗೆ ಹಾಕಿಕೊಂಡಿತು. ಆಫೀಸಿನಲ್ಲಿ ದಿನವಿಡೀ ಹಸುವಿನ ಜೊಲ್ಲಿನ ವಾಸನೆ.

ಅತ್ತೆ ಹಾಗೆ ಕೇಳಿದಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ಅಂಥ ದೀಪಗಳಿಂದ ನನಗೆ ಯಾವತ್ತೂ ಒಳ್ಳೆಯದಾಗಿಲ್ಲ.

"ಅತ್ತೆ, ಹುಲ್ಲು ತಿನ್ನೋದೆಲ್ಲಾ ಒಂಥರಾ ಹಸುವಿನ ಜಾತಿಯೇ ಅಲ್ವಾ?"

ಅತ್ತೆ ಬಾಲ್ಕನಿಯತ್ತ ನೋಡಿದರು. "ಈರುಳ್ಳಿ ತಿಂತಾವಾ?"

"ವಿಷ ಅವಕ್ಕೆ."

"ಬೆಳ್ಳುಳ್ಳಿ?"

"ಅದೂ ವಿಷವೇ."

"ಮೊಟ್ಟೆ ಗಿಟ್ಟೆ?"

"ರಾಮ ರಾಮ."

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಫೀಸಿನ ಕ್ಯಾಂಟೀನಿನಲ್ಲಿ ನಾನು ತಿನ್ನುವ ಈರುಳ್ಳಿ ಪಕೋಡದ ಸುದ್ದಿ ಅವರಿಗೆ ಹೇಗೋ ಗೊತ್ತಿದೆ. "ಹಂಗಾದ್ರೆ ಈ ಮನೇಲಿ ಸರಿಯಾದ ವೈಷ್ಣವರು ಇವೆರಡೇ," ಎಂದರು.

ಅನ್ನ ಇವಕ್ಕೆ ಆಗುವುದಿಲ್ಲವಾದ್ದರಿಂದ ಗ್ರಾಸ ಯಾವುದು ಎಂಬ ಪ್ರಶ್ನೆ ಬಂತು. ಅತ್ತೆಗೆ ಅದು ಪ್ರಶ್ನೆಯೇ ಅಲ್ಲ. ಇಲ್ಲಿ ದೇವಸ್ಥಾನದ ಬಾಗಿಲಲ್ಲಿ ಹಸುವಿಗೆ ಕೊಡಲೆಂದೇ ಅಗಸೆ ಸೊಪ್ಪಿನ ಕಂತೆಗಳನ್ನು ಮಾರುತ್ತಾರೆ. ತಮಿಳಿನವರು ಅಗತ್ತಿಕೀರೈ ಅನ್ನುವ ಸೊಪ್ಪು. ಅಮಾವಾಸ್ಯೆಯಂದು ಅದನ್ನು ಹಸುವಿಗೆ ತಿನ್ನಿಸಿದರೆ ಪಿತೃಗಳಿಗೆ ತೃಪ್ತಿ ಎಂದು ನಂಬಿಕೆ. ಹಸುವಿಗೆ ಅಗಸೆಯಾದರೆ ಇವಕ್ಕೂ ಅಗಸೆ. ಕಹಿ ಸೊಪ್ಪಾದ್ದರಿಂದ ಅಗ್ಗ. ಹಸುವಿನ ಖರ್ಚು, ಗಿನಿಪಿಗ್ಗಿನ ಖರ್ಚು ಎರಡೂ ಒಂದೇ ಕಂತೆಯಲ್ಲಿ ಮುಗಿದವು. ನನ್ನ ಬುದ್ಧಿಗೆ ನಾನೇ ಬೆರಗಾದೆ. ಆಫೀಸಿನಲ್ಲಿ ನಾಯಿ ಸಾಕುವ, ಮೀನು ಸಾಕುವ ಎಲ್ಲರನ್ನೂ ಊಟದ ಹೊತ್ತಿಗೆ ಹಿಡಿದು ಕೂರಿಸಿ, ಕಡಿಮೆ ಖರ್ಚಿನಲ್ಲಿ ಪ್ರಾಣಿ ಸಾಕುವುದು ಹೇಗೆ ಎಂದು ಉಪನ್ಯಾಸ ಮಾಡತೊಡಗಿದೆ. ಅವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುವವರೆಗೆ ನಿಲ್ಲಿಸುತ್ತಿರಲಿಲ್ಲ.

ಮೊದಲು ಅಮಾವಾಸ್ಯೆಗೆ ಮಾತ್ರ ಅಂದರು. ಆಮೇಲೆ ಶುಕ್ರವಾರಕ್ಕೂ ಆಯಿತು. ದ್ವಾದಶಿ ಸೇರಿತು. ಮಾವನವರ ತಿಥಿ ಬಂತು, ಮೊಮ್ಮಗಳ ಗಣಿತದ ಪರೀಕ್ಷೆ ಬಂತು. ಕೊನೆಗೆ, ಇಷ್ಟು ಸುಲಭವಾಗಿ ಬರುವ ಪುಣ್ಯವನ್ನು ಯಾಕೆ ಬಿಡಬೇಕೆಂದು ದಿನಾ ಆಯಿತು. ಸ್ನಾನ ಮುಗಿಸಿ ಮಡಿಯುಟ್ಟು ಅತ್ತೆ ಬಾಲ್ಕನಿಗೆ ಬರುವ ಹೊತ್ತಿಗೆ ಅವೆರಡೂ ಕಂಬಿ ಹಿಡಿದು ನಿಂತು ವೀಕ್ ವೀಕ್ ಎಂದು ಕಟ್ಟಡ ಹಾರಿಹೋಗುವಂತೆ ಕಿರುಚುತ್ತಿದ್ದವು. ಮಡಿಯಲ್ಲಿ ಮುಟ್ಟುವಂತಿಲ್ಲ. ದೂರದಿಂದಲೇ ಸೊಪ್ಪು ಎಸೆದು ಕೈಮುಗಿಯುತ್ತಿದ್ದರು. ಹಸುವಾದರೆ ಬಾಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು. ಇವಕ್ಕೆ ಬಾಲವೇ ಇಲ್ಲ. ಅದೊಂದು ಕೊರತೆ ಅತ್ತೆಗೆ ಇದ್ದೇ ಇತ್ತು.

ಆದರೆ ಮೊದಲ ಮಡಿಯ ಬಿಗುವು ನಿಧಾನಕ್ಕೆ ಸಡಿಲಾಯಿತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅತ್ತೆ ಗೂಡಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಮಾತಾಡುತ್ತಾರೆ ಎಂದು ಎದುರುಮನೆಯವರು ಹೇಳಿದರು. ಏನು ಮಾತಾಡುತ್ತಾರೆ ಎಂದು ಕೇಳಿದ್ದಕ್ಕೆ, ನಿಮ್ಮ ಬಗ್ಗೆಯೇ ಎಂದರು. ನಾನು ಮುಂದೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಬಿಳಿಯದು ಕಂಬಿ ಹಿಡಿದು ನಿಲ್ಲಲಿಲ್ಲ. ಮೂಲೆಯಲ್ಲಿ ಮುದುಡಿ ಕೂತಿತ್ತು. ಅಗಸೆ ಮುಂದೆ ಬಿದ್ದರೂ ಮೂಸಲಿಲ್ಲ. ಪೇಪರಿನ ಮೇಲೆ ಗುಲಾಬಿ ಬಣ್ಣದ ಕಲೆಗಳಿದ್ದವು. ಬೀಟ್‌ರೂಟ್ ಸಿಪ್ಪೆ ತಿಂದಿರಬೇಕು ಅಂದೆ. ಆಗಲೇ ಅದು ಮೈ ಬಿಗಿಹಿಡಿದು ಮೂತ್ರ ಮಾಡುತ್ತಾ ಒಂದು ಕೂಗು ಹಾಕಿತು. ಹಸಿವಿನ ಕಿರುಚಾಟವಲ್ಲ ಅದು. ಮಗಳು "ಅಮ್ಮಾ, ರತ್ತಂ!" ಎಂದು ಅಳತೊಡಗಿದಳು. ಬೀಟ್‌ರೂಟ್ ಅಲ್ಲ, ರಕ್ತ.

ನಾನು ಆಟೋದವರ ಜೊತೆ ಚೌಕಾಸಿ ಮಾಡದೆ ಹತ್ತಿದವಳಲ್ಲ. ಒಬ್ಬರನ್ನು ಬಿಟ್ಟು ಇನ್ನೊಬ್ಬರು, ಕೊನೆಗೆ ಬಸ್ಸು, ಇದು ನನ್ನ ಕ್ರಮ. ಅವತ್ತು ಎಷ್ಟು ಎಂದು ಕೂಡ ಕೇಳದೆ, ತರಕಾರಿ ಬುಟ್ಟಿಯಲ್ಲಿ ಅದನ್ನು ಮಲಗಿಸಿಕೊಂಡು ಹತ್ತಿ ಕೂತೆ. ತಾಂಬರಂ ದಾರಿಯಲ್ಲಿ ಇಂಥ ಸಣ್ಣ ಪ್ರಾಣಿಗಳನ್ನು ನೋಡುವ ಡಾಕ್ಟರಮ್ಮ ಇದ್ದಾರೆಂದು ಮಗಳು ಫೋನಿನಲ್ಲಿ ಹುಡುಕಿ ಇಟ್ಟಿದ್ದಳು. ದಾರಿಯುದ್ದಕ್ಕೂ ಅವಳ ಕೈ ಬುಟ್ಟಿಯೊಳಗೇ ಇತ್ತು.

ಏನು ತಿನ್ನಿಸುತ್ತೀರಿ ಎಂದು ಡಾಕ್ಟರು ಕೇಳಿದರು. ಆ ಗಾಬರಿಯಲ್ಲೂ ನನ್ನ ಉಪನ್ಯಾಸದ ಚಟ ಬಿಡಲಿಲ್ಲ. ಕೈಯಾರೆ ಕೊಯ್ದು ಒಣಗಿಸಿದ ಹುಲ್ಲು, ಹೂಕೋಸಿನ ಎಲೆ, ದಿನಾ ಅಗತ್ತಿಕೀರೈ ಎಂದು ಹೆಮ್ಮೆಯಿಂದ ಒಪ್ಪಿಸಿದೆ.

"ಅಗತ್ತಿಯಾ? ದಿನಾನಾ?" ಅವರು ಪೆನ್ನು ಕೆಳಗಿಟ್ಟರು. ಅದರಲ್ಲಿ ಸುಣ್ಣದ ಅಂಶ ಬಹಳ, ಹಾಲು ಕೊಡುವ ಹಸುವಿಗೆ ಅದು ಬೇಕಾಗುತ್ತದೆ, ಈ ಪುಟ್ಟ ಪ್ರಾಣಿಗೆ ಹೆಚ್ಚಾದದ್ದೆಲ್ಲ ಮೂತ್ರಕೋಶಕ್ಕೇ ಹೋಗಿ ಕಲ್ಲಾಗುತ್ತದೆ ಎಂದು ತಮಿಳಿನಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ಎಕ್ಸ್‌ರೇಯಲ್ಲಿ ಸಾಬಕ್ಕಿ ಕಾಳಿನಂಥ ಒಂದು ಬಿಳಿಚುಕ್ಕೆ. ಹೆಣ್ಣಾದ್ದರಿಂದ, ಕಲ್ಲು ಸಣ್ಣದಿರುವುದರಿಂದ, ತಾನಾಗಿಯೇ ಹೊರಬರಬಹುದು. ನೋವಿಗೆ ಔಷಧಿ ಕೊಟ್ಟರು. ನೀರು, ಹೆಚ್ಚು ಹೆಚ್ಚು ನೀರು ಕುಡಿಸಿ ಎಂದರು. ಕುಡಿಯದಿದ್ದರೆ, ಕಲ್ಲು ಜಾರದಿದ್ದರೆ ಆಪರೇಷನ್ನು. ಇಷ್ಟು ಸಣ್ಣ ಜೀವ ಅದನ್ನು ತಡೆದುಕೊಳ್ಳುತ್ತದೆ ಎಂದು ಮಾತು ಕೊಡಲಾರೆ ಎಂದರು.

ವಾಪಸು ಬರುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಯೋಚನೆ. ಅತ್ತೆಗೆ ಏನು ಹೇಳುವುದು? ಬಾಗಿಲಲ್ಲೇ ಕಾಯುತ್ತಿದ್ದರು. "ಇಲ್ಲಿನ ಬೋರ್ ನೀರು ಅತ್ತೆ. ಬರೀ ಉಪ್ಪು. ಅದರಿಂದ ಕಲ್ಲಾಗಿದೆಯಂತೆ," ಎಂದೆ. ವೇಲಚೇರಿಯಲ್ಲಿ ಯಾವ ತೊಂದರೆಗೂ ಬೋರ್ ನೀರಿನ ಮೇಲೆ ತಪ್ಪು ಹೊರಿಸಬಹುದು, ಯಾರೂ ಅಡ್ಡ ಕೇಳುವುದಿಲ್ಲ.

ಮಗಳು ಮೂಗು ಒರೆಸಿಕೊಳ್ಳುತ್ತಾ ಹೇಳಿಬಿಟ್ಟಳು. "ಇಲ್ಲೆ ಪಾಟಿ. ಅಗತ್ತಿಕೀರೈನಾಲ ದಾನ್. ಡಾಕ್ಟರ್ ಸೊನ್ನಾಂಗ." ಅಗಸೆಯಿಂದಲೇ, ಡಾಕ್ಟರೇ ಹೇಳಿದರು.

ಅತ್ತೆ "ನಾ ಕೊಟ್ಟಿದ್ದಾ?" ಎಂದರು. ಬುಟ್ಟಿಯೊಳಗೆ ಇಣುಕಿ, "ಕೊಟ್ಟು ಕೊಟ್ಟು ಕೊಂದೆನಾಮ್ಮಾ ಅದನ್ನ?" ಎಂದರು. ಹಸು ಎಂದು ಕೈಮುಗಿದು ಕೊಟ್ಟದ್ದು ಅವರು. ಅದಕ್ಕೇನಾದರೂ ಆದರೆ ಅವರ ಲೆಕ್ಕದಲ್ಲಿ ಅದು ಗೋಹತ್ಯೆಯೇ. ನಾನು ಏನೇನೋ ಸಮಾಧಾನ ಹೇಳಿದೆ. ಈ ಐಡಿಯಾ ನನ್ನದೇ ಅಲ್ಲವೇ, ಹುಲ್ಲು ತಿನ್ನುವುದೆಲ್ಲಾ ಹಸು ಎಂದವಳು ನಾನಲ್ಲವೇ ಎಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವತ್ತು ರಾತ್ರಿ ಫಲಾಹಾರವನ್ನೂ ಮುಟ್ಟಲಿಲ್ಲ.

ಮರುದಿನ ಏಕಾದಶಿ. ಅತ್ತೆಯದು ನಿರ್ಜಲ ಉಪವಾಸ. ಬೆಳಿಗ್ಗೆ ಒಂದು ಉದ್ಧರಣೆ ತೀರ್ಥ ಬಿಟ್ಟರೆ ದ್ವಾದಶಿಯ ಪಾರಣೆಯವರೆಗೆ ಒಂದು ಹನಿ ನೀರೂ ಇಲ್ಲ. ಹಿಂದಿನ ಬೇಸಿಗೆಯಲ್ಲಿ ಒಂದು ಏಕಾದಶಿ ಬಚ್ಚಲಲ್ಲಿ ತಲೆತಿರುಗಿ ಬಿದ್ದಿದ್ದರು. ಈ ವಯಸ್ಸಿನಲ್ಲಿ ನೀರು ಬಿಡಬೇಡಿ ಎಂದು ಅವರ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ನಮ್ಮವರು ಬೇಡಿಕೊಂಡರು. ನಾನು ಜಗಳವಾಡಿದೆ, ಕಣ್ಣೀರು ಹಾಕಿದೆ, ಮಾತು ಬಿಟ್ಟೆ. ಎಳನೀರು ನೀರಲ್ಲ, ಅದು ಕಾಯಿ ಎಂದು ವಾದಿಸಿ ಅವರ ನಗುವಿಗೆ ಗುರಿಯಾದೆ. ಯಾವುದೂ ನಡೆಯಲಿಲ್ಲ. ಏಕಾದಶಿ ಬಂತೆಂದರೆ ಅವರು ಬಚ್ಚಲಿಗೆ ಹೋದಾಗೆಲ್ಲ ನಾನು ಏನಾದರೂ ನೆಪ ಹೂಡಿ ಬಾಗಿಲ ಹೊರಗೆ ನಿಂತಿರುತ್ತೇನೆ.

ಅವತ್ತು ರಜೆ ಹಾಕಿದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ಹಿಡಿದು ಬಿಳಿಯದರ ಬಾಯಿಗೆ ಇಟ್ಟರೆ ಅದು ಹಲ್ಲು ಕಚ್ಚಿ ಹಿಡಿಯಿತು. ಗಲ್ಲದ ಮೇಲೆ ನೀರೆಲ್ಲ ಸುರಿಯಿತು. ಮುದ್ದು ಮಾಡಿದೆ, ಗದರಿಸಿದೆ, ಸಾಯಿ ಹೋಗು ಎಂದೆ, ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅದು ನನ್ನ ಬೆರಳು ಕಚ್ಚಿತು. ಮಧ್ಯಾಹ್ನದವರೆಗೆ ಒಂದು ಚಮಚ ಕೂಡ ಒಳಗೆ ಹೋಗಿರಲಿಲ್ಲ. ಕಣ್ಣು ಅರೆಮುಚ್ಚಿ ಒಂದೇ ಕಡೆ ಕೂತಿತ್ತು. ಸಂಜೆ ಮಗಳು ಬಂದು ಕೇಳಿದರೆ ಏನು ಹೇಳಲಿ ಎಂದು ತೋಚದೆ, ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಟೆರೇಸಿಗೆ ಹೋದೆ.

ಇಳಿದು ಬಂದಾಗ ಮನೆ ನಿಶ್ಶಬ್ದವಾಗಿತ್ತು. ಬಾಲ್ಕನಿಯ ಬಾಗಿಲಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದರು. ಮಡಿ ಸೀರೆಯ ಮಡಿಲಲ್ಲಿ ಬಿಳಿಯದು. ಅದನ್ನು ಅವರು ಮುಟ್ಟಿದ್ದು ಅದೇ ಮೊದಲು. ಪಕ್ಕದಲ್ಲಿ ನೀರಿನ ಲೋಟ, ಕೈಯಲ್ಲಿ ಚಮಚ.

"ಕುಡಿ ಕಣ್ಣಾ. ಕೊಂಚ. ಏಕಾದಶಿ ನನಗೆ, ನಿನಗಲ್ಲ."

ಅದು ಮುಖ ತಿರುಗಿಸಿತು.

"ನಾ ಕುಡೀದೇ ನೀ ಕುಡಿಯಲ್ವಾ? ಅಷ್ಟು ಹಟಾನಾ ನಿನಗೆ?" ಅತ್ತೆ ದೇವರ ಮೂಲೆಯ ಕಡೆ ಒಮ್ಮೆ ನೋಡಿದರು. ತುಟಿ ಅಲುಗಿತು. "ಸೆರಿ. ನೋಡು," ಎಂದು ಆ ಚಮಚವನ್ನು ತಮ್ಮ ಬಾಯಿಗೇ ಇಟ್ಟುಕೊಂಡರು. ಒಣಗಿದ ಗಂಟಲಲ್ಲಿ ನೀರಿಳಿದ ಸದ್ದು ನನಗೆ ಬಾಗಿಲ ಬಳಿಯವರೆಗೆ ಕೇಳಿಸಿತು. ಮತ್ತೆ ಚಮಚ ತುಂಬಿ ಅದರ ತುಟಿಗೆ ತಾಗಿಸಿದರು. ಅದು ಒಂದು ಸಲ ನೆಕ್ಕಿತು. ಇನ್ನೊಂದು ಸಲ ನೆಕ್ಕಿತು. "ಹಾಂ, ಹಂಗೆ, ತಂಗಂ, ಚಿನ್ನ. ನನಗೊಂದು, ನಿನಗೊಂದು."

ನನಗೆ ಮೊದಲು ಬಂದದ್ದು ಕೋಪ. ಸುಳ್ಳೇಕೆ ಹೇಳಲಿ? ನಾನು ಕಣ್ಣೀರು ಹಾಕಿದಾಗ ಕೇಳಲಿಲ್ಲ, ಹೆತ್ತ ಮಗ ಬೇಡಿಕೊಂಡಾಗ ಕೇಳಲಿಲ್ಲ, ಬಾಲವೂ ಇಲ್ಲದ ಈ ಪ್ರಾಣಿ ಒಮ್ಮೆ ಮುಖ ತಿರುಗಿಸಿದ್ದಕ್ಕೆ ಇಡೀ ಜನ್ಮದ ವ್ರತ ಬಿಟ್ಟರಲ್ಲ ಎಂದು ಹೊಟ್ಟೆ ಉರಿಯಿತು. ಆಮೇಲೆ ಹೊಳೆಯಿತು: ನಾನು ನೋಡಿದೆನೆಂದು ಗೊತ್ತಾದರೆ ಅವರು ನಿಲ್ಲಿಸಿಬಿಡುತ್ತಾರೆ. ಖಾಲಿ ಬಕೆಟ್ ಹಿಡಿದು ಸದ್ದಾಗದಂತೆ ಮತ್ತೆ ಟೆರೇಸಿಗೆ ಹತ್ತಿ, ಹರವಿದ್ದ ಬಟ್ಟೆಯನ್ನೆಲ್ಲ ತೆಗೆದು ಮತ್ತೊಮ್ಮೆ ಹರವಿದೆ. ಪಕ್ಕದಲ್ಲಿ ಹಪ್ಪಳ ಹಾಕುತ್ತಿದ್ದ ಹೆಂಗಸು ನನ್ನನ್ನು ನೋಡಿ ತನ್ನ ಹಪ್ಪಳವನ್ನು ಸ್ವಲ್ಪ ದೂರ ಸರಿಸಿಕೊಂಡಳು.

ದ್ವಾದಶಿಯ ಬೆಳಿಗ್ಗೆ ಒಂದು ದೊಡ್ಡ ಕೂಗು ಕೇಳಿಸಿ ಎಲ್ಲರೂ ಓಡಿದೆವು. ಪಂಚೆಯ ತುಂಡಿನ ಮೇಲೆ ಒದ್ದೆಯ ನಡುವೆ ಒಂದು ಬಿಳಿಯ ಕಾಳು ಇತ್ತು. ಮಗಳು ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಕುಣಿದಳು. ಅತ್ತೆ ಅಲ್ಲೇ ಗೋಡೆಗೊರಗಿ ಕೂತು ಅತ್ತರು. ಬಿಳಿಯದು ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ಹೂಕೋಸಿನ ಎಲೆಗಾಗಿ ಕಂಬಿ ಕಡಿಯತೊಡಗಿತು.

ಈಗ ಹಡಗಿನ ಹುಲ್ಲು ತರಿಸುತ್ತೇನೆ, ಬೆಲೆಯ ಕಡೆ ನೋಡದೆ, ಅಂದರೆ ಒಂದು ಕಣ್ಣಿನಿಂದ ಮಾತ್ರ ನೋಡಿ. ಗೋಗ್ರಾಸಕ್ಕೆ ದಿನಾ ಒಂದು ತುಂಡು ಕ್ಯಾಪ್ಸಿಕಂ. ಡಾಕ್ಟರು ಒಪ್ಪಿದ್ದಾರೆ.

ಮುಂದಿನ ಏಕಾದಶಿ ಬಂತು. ಬಿಳಿಯದು ಗುಂಡು ಗುಂಡಾಗಿತ್ತು, ಬೆಳಿಗ್ಗೆಯಿಂದ ತನ್ನ ಬಾಟಲಿಯ ನೀರನ್ನು ತಾನೇ ಗಟಗಟ ಕುಡಿದು ಅರ್ಧ ಖಾಲಿ ಮಾಡಿತ್ತು. ನಾನು ಒಂದು ಕಣ್ಣನ್ನು ಗಡಿಯಾರದ ಮೇಲೂ ಒಂದು ಕಣ್ಣನ್ನು ಅತ್ತೆಯ ಮೇಲೂ ಇಟ್ಟು ಅಡುಗೆಮನೆಯಲ್ಲಿ ಸುಳ್ಳುಸುಳ್ಳೇ ಪಾತ್ರೆ ತೊಳೆಯುತ್ತಿದ್ದೆ. ಮಧ್ಯಾಹ್ನ ಬಿಸಿಲು ಏರಿದ ಹೊತ್ತಿಗೆ ಅತ್ತೆ ಗೂಡಿನ ಪಕ್ಕ ಹೋಗಿ ಕೂತರು. ನನ್ನ ಕಡೆ ನೋಡದೆ ಕರೆದರು.

"ಒಂದು ಲೋಟ ನೀರು ಕೊಡಮ್ಮಾ. ಇವಳು ಒಬ್ಬಳೇ ಕುಡಿಯಲ್ಲ."

ಯಾವುದಕ್ಕೂ ಒಂದು ಮಾತು ಸೇರಿಸದೆ ಬಿಡದವಳು ನಾನು. ಅವತ್ತು ಬಾಯಿ ಮುಚ್ಚಿಕೊಂಡು ದೊಡ್ಡ ಲೋಟವನ್ನೇ ತುಂಬಿಸಿ ಕೊಟ್ಟೆ.